ಸೊಂಟದ ಮೇಲಿನ ಜಗಳ

ಸೀರೆಯ ಮೇಲೆ ಬೆಲ್ಟು ಕಟ್ಟಿಕೊಂಡವರನ್ನು ಕಂಡರೆ ನಮ್ಮ ಸಮಕಾಲೀನ ಪತ್ರಿಕೆಯೊಂದಕ್ಕೆ ಮೈಯೆಲ್ಲ ಉರಿ. ಕಳೆದ ತಿಂಗಳ ಅವರ ಅಗ್ರಲೇಖನ ಓದಿದವರಿಗೆ ಅದನ್ನು ಮತ್ತೆ ವಿವರಿಸಬೇಕಿಲ್ಲ. ಓದದವರು ಏನನ್ನೂ ಕಳೆದುಕೊಂಡಿಲ್ಲ. ಸೀರೆಗೆ ಬೆಲ್ಟು ಅಂದರೆ ಪರದೇಶದ ನಕಲು, ಮನೆತನದ ಹೆಣ್ಣಿನ ಗಾಂಭೀರ್ಯಕ್ಕೆ ಕುಂದು, ಇವತ್ತು ಬೆಲ್ಟು ಕಟ್ಟಿದವರು ನಾಳೆ ಟೈ ಕಟ್ಟಿಕೊಂಡು ಬರುತ್ತಾರೆ ಎಂಬುದು ಅದರ ಸಾರಾಂಶ. ಅದೇ ವಾರ ಇನ್ನೊಂದು ಪತ್ರಿಕೆಯ ಬಣ್ಣದ ಪುರವಣಿ ಇದೇ ಬೆಲ್ಟನ್ನು ಮುಂಬೈ, ಕೋಲ್ಕತ್ತದ ವಿನ್ಯಾಸಕಾರರು ಸೀರೆಗೆ ದಯಪಾಲಿಸಿದ ಮರುಹುಟ್ಟು ಎಂದು ಕೊಂಡಾಡಿತು. ಅದರ ಕೆಳಗೇ ಬೆಲ್ಟಿನಿಂದ ಹೊಟ್ಟೆ ಮರೆಸುವ ಉಪಾಯಗಳ ಪಟ್ಟಿ. ಈ ಇಬ್ಬರೂ ತಾವು ಬದ್ಧವಿರೋಧಿಗಳು ಅಂದುಕೊಂಡಿದ್ದಾರೆ. ನನ್ನ ಕಣ್ಣಿಗೆ ಇಬ್ಬರೂ ಒಂದೇ ಬೆಂಚಿನವರು. ಒಬ್ಬರಿಗೆ ಹೆಣ್ಣಿನ ಸೊಂಟಕ್ಕೆ ಕಾವಲು ಹಾಕಬೇಕು, ಇನ್ನೊಬ್ಬರಿಗೆ ಅದರ ಅಳತೆ ತೆಗೆಯಬೇಕು. ಕಟ್ಟಿಕೊಂಡವಳನ್ನು ‘ಯಾಕೆ ಕಟ್ಟಿಕೊಂಡೆ ತಾಯಿ’ ಎಂದು ಕೇಳುವ ವ್ಯವಧಾನ ಇಬ್ಬರಿಗೂ ಇಲ್ಲ.

ಮೊದಲು ನಕಲಿನ ಮಾತಿಗೆ ಬರೋಣ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಗೆ ನಮ್ಮ ಅಗ್ರಲೇಖಕರು ಹೋಗಿಯೇ ಇರುತ್ತಾರೆ. ಯುನೆಸ್ಕೋ ಪಟ್ಟಿಗೆ ಸೇರಿದ 2023ರಲ್ಲಿ ಅದರ ಬಗ್ಗೆ ಪುಟಗಟ್ಟಲೆ ಬರೆದವರು ಅವರೇ. ಅಲ್ಲಿನ ಮದನಿಕೆಯರಲ್ಲಿ ಯಾರನ್ನಾದರೂ ಕತ್ತೆತ್ತಿ ನೋಡಲಿ. ಮೈಮೇಲಿನ ಬಟ್ಟೆ ಎಲ್ಲಿ ಮುಗಿದು ಚರ್ಮ ಎಲ್ಲಿ ಶುರುವಾಯಿತೆಂದು ಶಿಲ್ಪಿ ಹೇಳುವುದಿಲ್ಲ, ಅಷ್ಟು ನವುರು. ಸೊಂಟಪಟ್ಟಿಯ ವಿಷಯಕ್ಕೆ ಬಂದಾಗ ಮಾತ್ರ ಉಳಿ ಉದಾಸೀನ ಮಾಡುವುದಿಲ್ಲ. ಪಟ್ಟಿ, ಅದರ ಅಂಚಿಗೆ ಮಣಿಸಾಲು, ಅಲ್ಲಿಂದ ತೊಡೆಯ ಮೇಲೆ ಬಿಲ್ಲಿನ ಹಾಗೆ ಬಾಗಿ ಇಳಿದ ಮುತ್ತಿನ ಸರಗಳು, ಸರಗಳ ನಡುವೆ ಜೋತುಬಿದ್ದ ಕುಚ್ಚು. ಸೆರಗು ಬಿಟ್ಟಾನು, ಮೇಖಲೆ ಬಿಡಲಾರ ನಮ್ಮ ಶಿಲ್ಪಿ. ಇನ್ನೂ ಹಿಂದೆ ಹೋಗಬೇಕೆನ್ನುವವರಿಗೆ ಪಾಟ್ನಾದಲ್ಲಿ ದೀದಾರ್‌ಗಂಜಿನ ಯಕ್ಷಿ ಇದ್ದಾಳೆ. ಉಟ್ಟ ಬಟ್ಟೆಯ ಮೇಲೆ ಹಲವು ಎಳೆಗಳ ಮೇಖಲೆ ಧರಿಸಿ ಚಾಮರ ಹಿಡಿದು ನಿಂತಿದ್ದಾಳೆ. ಅವಳು ಪ್ಯಾರಿಸ್ಸಿನ ಪತ್ರಿಕೆ ನೋಡಿ ಕಟ್ಟಿಕೊಂಡದ್ದಲ್ಲ.

ಕಲ್ಲು ಬೇಡ ಎನ್ನುವುದಾದರೆ ಮನೆಯ ಟ್ರಂಕು ತೆರೆಯಲಿ. ಬೆಳ್ಳಿ ಡಾಬನ್ನು ಈಗಿನ ಹುಡುಗಿಯರು ಮದುವೆ ಅಲ್ಬಮ್ಮಿನಲ್ಲಿ ಮಾತ್ರ ನೋಡಿರುತ್ತಾರೆ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ಒಳ್ಳೆಯ ಡಾಬು ಒಂದೇ ತಗಡಿನದ್ದಲ್ಲ. ಹೆಬ್ಬೆರಳಗಲದ ಬಿಲ್ಲೆಗಳು, ಬಿಲ್ಲೆಗೂ ಬಿಲ್ಲೆಗೂ ಕೀಲು. ಹಾಗಾಗಿ ಕೂತರೆ ಕೂರುತ್ತದೆ, ಬಗ್ಗಿದರೆ ಬಗ್ಗುತ್ತದೆ. ಮುಂದಿನ ಮುಖಬಿಲ್ಲೆಯ ಮೇಲೆ ಗಂಡಭೇರುಂಡವೋ ಗಜಲಕ್ಷ್ಮಿಯೋ ಜೋಡಿ ನವಿಲೋ. ಅದರ ಹಿಂದೆ ಕಾಣದ ಹಾಗೆ ತಿರುಪಿನ ಮೊಳೆ. ಬೆನ್ನ ಕಡೆ ಬಿಲ್ಲೆಗಳ ಬದಲು ಸರಪಳಿ ಹಾಕಿಸುವುದೂ ಉಂಟು. ಮೈ ಬಂದರೆ ಪತ್ತಾರರ ಹತ್ತಿರ ಒಯ್ದು ನಾಲ್ಕು ಕೊಂಡಿ ಸೇರಿಸಿಕೊಂಡು ಬರುವುದು, ಇಳಿದರೆ ಬಿಡಿಸುವುದು. ಅತ್ತೆಯ ಡಾಬು ಸೊಸೆಗೆ ಬಂದದ್ದು ಹೀಗೆ. ಒಡವೆಯೇ ಹೆಂಗಸಿನ ಮೈಗೆ ಹೊಂದಿಕೊಳ್ಳಬೇಕು ಎಂಬ ತಿಳಿವಳಿಕೆ ಆ ಅಕ್ಕಸಾಲಿಗನಿಗಿತ್ತು. ಮೊನ್ನೆ ಬೆಂಗಳೂರಿನ ದೊಡ್ಡ ಮಳಿಗೆಯೊಂದರಲ್ಲಿ ಸೀರೆ ಬೆಲ್ಟು ಕೇಳಿದ ನನ್ನ ತಂಗಿಗೆ ಸಿಕ್ಕ ಉತ್ತರ ‘ಫ್ರೀ ಸೈಜ್ ಮೇಡಂ, ಎಲ್ಲರಿಗೂ ಆಗುತ್ತೆ’. ಅವಳಿಗೆ ಆಗಲಿಲ್ಲ. ಅಂಗಡಿಯ ಹುಡುಗ ಬೆಲ್ಟಿನ ಕಡೆ ನೋಡುವ ಬದಲು ಅವಳ ಕಡೆ ನೋಡಿದ.

ಮೇಖಲೆ, ಡಾಬು ಆಭರಣ; ಬೆಲ್ಟು ಬೇರೆ ಎಂದು ಅಗ್ರಲೇಖಕರು ತಕರಾರು ತೆಗೆಯಬಹುದು. ತೆಗೆಯಲಿ. ಹಾಗಾದರೆ ಖಾಕಿ ಸೀರೆಯ ಬಗ್ಗೆ ಏನು ಹೇಳುತ್ತಾರೆ? ನಮ್ಮ ಮಹಿಳಾ ಪೊಲೀಸರು ಖಾಕಿ ಸೀರೆ ಉಟ್ಟು, ಅದರ ಮೇಲೆ ಅಗಲವಾದ ಬೆಲ್ಟು ಬಿಗಿದು, ಗಣೇಶನ ಮೆರವಣಿಗೆಯಲ್ಲೂ ಚುನಾವಣೆಯ ಮತಗಟ್ಟೆಯಲ್ಲೂ ವರ್ಷಗಟ್ಟಲೆ ನಿಂತರು. ಆಗ ಯಾರ ಗಾಂಭೀರ್ಯಕ್ಕೂ ಕುಂದು ಬರಲಿಲ್ಲ, ಯಾವ ಪುರವಣಿಯೂ ಅದನ್ನು ಫ್ಯಾಷನ್ ಎನ್ನಲಿಲ್ಲ. 2018ರಲ್ಲಿ, ರಾಜ್ಯ ಪೊಲೀಸ್ ಪಡೆಯ ಮೊದಲ ಮಹಿಳಾ ಮುಖ್ಯಸ್ಥೆ ನೀಲಮಣಿ ರಾಜು ಅವರ ಕಾಲದಲ್ಲಿ, ಕರ್ತವ್ಯದ ಮೇಲೆ ಪ್ಯಾಂಟು ಶರ್ಟು ತೊಡಬೇಕೆಂಬ ಆದೇಶ ಬಂತು. ಕಳ್ಳನ ಹಿಂದೆ ಓಡುವವಳಿಗೆ ನೆರಿಗೆ ತೊಡಕು ಎಂಬ ಸರಳ ಕಾರಣ. ಸೀರೆ ಹೋಯಿತು, ಬೆಲ್ಟು ಉಳಿಯಿತು. ದುಡಿಯುವ ಹೆಂಗಸಿಗೆ ಎರಡರಲ್ಲಿ ಯಾವುದು ಹೆಚ್ಚು ಕೆಲಸಕ್ಕೆ ಬಂತೆಂದು ನಮ್ಮ ಸಂಸ್ಕೃತಿರಕ್ಷಕರು ಒಂದು ಗಳಿಗೆ ಯೋಚಿಸಿದರೆ ಒಳ್ಳೆಯದು.

ಗದ್ದೆಯಲ್ಲಿ ಇದಕ್ಕೆ ಆದೇಶವೂ ಬೇಕಾಗಿಲ್ಲ. ನಾಟಿಗೆ ಇಳಿಯುವವರು ಸೀರೆಯನ್ನು ಮೊಣಕಾಲಿಗೆ ಎತ್ತಿ, ಸೆರಗನ್ನು ನಡುವಿಗೆ ಸುತ್ತಿ, ಮೇಲೊಂದು ಟವೆಲ್ಲೋ ಹಗ್ಗವೋ ಬಿಗಿಯುತ್ತಾರೆ. ಎಲೆಅಡಿಕೆ ಸಂಚಿ ಅಲ್ಲೇ. ದಿನದ ಕೂಲಿಯೂ ಅಲ್ಲೇ. ಯಜಮಾನಿಕೆಯಿದ್ದ ಮನೆಗಳ ಅಜ್ಜಿಯರು ಬೀಗದ ಕೈ ಗೊಂಚಲನ್ನು ಸಿಕ್ಕಿಸಿಕೊಳ್ಳುತ್ತಿದ್ದದ್ದೂ ಸೊಂಟಕ್ಕೇ. ಕೈ ಖಾಲಿ ಇರಲಿ ಎಂಬುದು ನಮ್ಮ ಹೆಂಗಸರು ನಡುಕಟ್ಟಿಗೆ ಕೊಟ್ಟ ಮೊದಲ ಅರ್ಥ. ಚೆಂದ ಆಮೇಲೆ ಬಂದು ಕೂತಿತು. ನಮ್ಮ ಬಣ್ಣದ ಪುರವಣಿಗಳು ಈ ಅರ್ಥವನ್ನು ಗುಡಿಸಿ ಹೊರಗೆ ಹಾಕಿ, ತೆಳ್ಳಗೆ ಕಾಣುವುದೊಂದನ್ನೇ ಒಳಗಿಟ್ಟುಕೊಂಡಿವೆ. ನನ್ನ ಸಿಟ್ಟು ಇದರ ಮೇಲೆ.

ವಿನ್ಯಾಸಕಾರ ಸಬ್ಯಸಾಚಿ ಮುಖರ್ಜಿಯವರ ಹುಲಿಮುಖದ ಬೆಲ್ಟು ಈಗ ಅಸಲಿಗಿಂತ ನಕಲಿನಲ್ಲೇ ಹೆಚ್ಚು ಓಡಾಡುತ್ತಿದೆ. ಚಿಕ್ಕಪೇಟೆಯ ಓಣಿಗಳಿಗೆ ಬರದ ಫ್ಯಾಷನ್ನು ಯಾವುದಿದೆ ಹೇಳಿ. ಬೆಲ್ಟು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 2018ರ ಫೆಬ್ರುವರಿಯಲ್ಲಿ ಇದೇ ಮಹಾಶಯರು ಹಾರ್ವರ್ಡಿನ ಸಮಾವೇಶದಲ್ಲಿ, ಸೀರೆ ಉಡಲು ಬಾರದ ಭಾರತೀಯ ಹೆಣ್ಣುಮಕ್ಕಳಿಗೆ ನಾಚಿಕೆಯಾಗಬೇಕೆಂಬ ಅರ್ಥದ ಮಾತಾಡಿ, ಗದ್ದಲವಾದ ಮೇಲೆ ಕ್ಷಮೆ ಕೇಳಿದ್ದನ್ನು ಓದುಗರು ಮರೆತಿರಲಾರರು. ಸೀರೆ ಜಾರದಂತೆ ಹಿಡಿಯುವ ಪಟ್ಟಿ ಮಾರುವವರು, ಅದು ಜಾರೀತೆಂಬ ಹೆದರಿಕೆಯಿಂದ ಉಡದವರನ್ನು ಬೈಯುವುದು ವ್ಯಾಪಾರದ ದೃಷ್ಟಿಯಿಂದಲೂ ಜಾಣತನವಲ್ಲ. ಹೊಸದಾಗಿ ಉಡಲು ಕಲಿಯುವವರಿಗೆ ಬೆಲ್ಟಿನಷ್ಟು ಧೈರ್ಯ ಕೊಡುವ ವಸ್ತು ಬೇರೆ ಇಲ್ಲ. ನೆರಿಗೆ ಬಿಚ್ಚೀತೆಂಬ ಭಯದಿಂದ ಹತ್ತು ಪಿನ್ನು ಚುಚ್ಚಿಕೊಂಡು, ಮದುವೆಮನೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಹುಡುಗಿಗೆ ಒಂದು ಪಟ್ಟಿ ಕೊಟ್ಟು ನೋಡಿ. ಅರ್ಧ ಗಂಟೆಯಲ್ಲಿ ಬಡಿಸಲು ಎದ್ದಿರುತ್ತಾಳೆ.

ಸಂಪ್ರದಾಯದ ಹೆಸರೆತ್ತುವವರಿಗೆ ಇನ್ನೊಂದು ಮಾತು. ರವಿಕೆ, ಲಂಗದ ಜತೆ ಸೀರೆ ಉಡುವ ಈಗಿನ ಕ್ರಮ ನಾಡಿನ ಮೇಲುವರ್ಗದ ಮನೆಗಳಿಗೆ ಬಂದದ್ದೇ ಹತ್ತೊಂಬತ್ತನೇ ಶತಮಾನದಲ್ಲಿ. ಬಂಗಾಳದಲ್ಲಿ ಅದಕ್ಕೆ ದಾರಿ ಹಾಕಿದವರು ಠಾಕೂರರ ಮನೆಯ ಸೊಸೆ ಜ್ಞಾನದಾನಂದಿನಿ ದೇವಿ. ಸಂಪ್ರದಾಯದವರು ಸನಾತನವೆಂದು ಕೈಮುಗಿಯುವ ಒಳಲಂಗದ ಲಾಡಿಗಿಂತ ಮದನಿಕೆಯ ಸೊಂಟಪಟ್ಟಿ ಎಷ್ಟೋ ಹಳೆಯದು. ಆ ಲಾಡಿಯಾದರೂ ನಿರಪಾಯವೇ? 2024ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಮಹಾರಾಷ್ಟ್ರ, ಬಿಹಾರದ ವೈದ್ಯರು ಇಬ್ಬರು ವಯಸ್ಸಾದ ಹೆಂಗಸರ ವಿಷಯ ಬರೆದರು. ಲಾಡಿಯೋ ಸೀರೆಯೋ ದಶಕಗಳ ಕಾಲ ಒಂದೇ ಜಾಗದಲ್ಲಿ ಬಿಗಿದು ಉಜ್ಜಿ, ಚರ್ಮ ಕೆಟ್ಟು, ಮಾಯದ ಹುಣ್ಣಾಗಿ, ಕೊನೆಗೆ ಕ್ಯಾನ್ಸರಿಗೆ ತಿರುಗಿತ್ತು. ಇದು ಅಪರೂಪದ್ದು, ಯಾರೂ ಗಾಬರಿಯಾಗಬೇಕಿಲ್ಲ. ಆದರೆ ಲಾಡಿಯ ಕಪ್ಪು ಗೆರೆ ಸೊಂಟದ ಮೇಲಿಲ್ಲದ ಹೆಂಗಸು ನಮ್ಮ ಅಮ್ಮಂದಿರ ತಲೆಮಾರಿನಲ್ಲಿ ಸಿಗುವುದು ಕಷ್ಟ. ಸೀರೆಯ ಭಾರವನ್ನೆಲ್ಲ ಒಂದು ದಾರದ ಮೇಲೆ ಹೊರಿಸಿದರೆ ದಾರ ಕೊರೆಯದೆ ಇನ್ನೇನು ಮಾಡೀತು? ಲಾಡಿಯ ಜಾಗದಲ್ಲಿ ನಾಲ್ಕು ಬೆರಳಗಲದ ಬಟ್ಟೆಪಟ್ಟಿ ಹೊಲಿಸಿಕೊಂಡವರು ಈಗ ಸಾಕಷ್ಟು ಜನ ಇದ್ದಾರೆ. ಭಾರ ಹಂಚಿಹೋಗುತ್ತದೆ, ಗೆರೆ ಬೀಳುವುದಿಲ್ಲ. ಹೆಣ್ಣಿನ ಆರೋಗ್ಯದ ಅಂಕಣ ಬರೆಯುವ ನಮ್ಮ ಪತ್ರಿಕೆಗಳಲ್ಲಿ ಈ ಸಂಗತಿಗೆ ಎಷ್ಟು ಜಾಗ ಸಿಕ್ಕಿತು?

ಪಶ್ಚಿಮವನ್ನು ಬೈಯುವವರಿಗೂ ಹೊಗಳುವವರಿಗೂ ಗೊತ್ತಿರುವುದು ಒಂದೇ ಪಶ್ಚಿಮ: ಕ್ರಿಶ್ಚಿಯನ್ ಡಿಯೋರ್ 1947ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನಲ್ಲಿ ಹೊರತಂದ ‘ನ್ಯೂ ಲುಕ್’. ಯುದ್ಧ ಮುಗಿದಿತ್ತು, ಗಜಗಟ್ಟಲೆ ಬಟ್ಟೆಯ ಲಂಗ, ಒಳಗೆ ಬಿಗಿಯುವ ಕವಚದಿಂದ ಹಿಡಿಯಷ್ಟಾದ ಸೊಂಟ. ಅಲ್ಲಿ ಸೊಂಟ ಎಲ್ಲಿರಬೇಕು, ಎಷ್ಟಿರಬೇಕು ಎಂದು ತೀರ್ಮಾನಿಸಿದವನು ದರ್ಜಿ. ಅದಕ್ಕೆ ಒಂಬತ್ತು ವರ್ಷ ಮೊದಲೇ, 1938ರಲ್ಲಿ, ನ್ಯೂಯಾರ್ಕಿನ ಕ್ಲೇರ್ ಮೆಕಾರ್ಡೆಲ್ ಎಂಬಾಕೆ ಸೊಂಟದ ಹೊಲಿಗೆಯೇ ಇಲ್ಲದ, ಭುಜದಿಂದ ಸಡಿಲವಾಗಿ ಇಳಿಬಿದ್ದ ‘ಮೊನಾಸ್ಟಿಕ್’ ಉಡುಪು ಮಾಡಿದ್ದಳು. ಜತೆಗೊಂದು ಬೆಲ್ಟು. ಎಲ್ಲಿ ಕಟ್ಟಬೇಕು, ಎಷ್ಟು ಬಿಗಿಯಬೇಕು ಎಂಬುದು ತೊಟ್ಟವಳಿಗೆ ಬಿಟ್ಟದ್ದು. ದಪ್ಪಗಿದ್ದವಳಿಗೂ ಸಣ್ಣಗಿದ್ದವಳಿಗೂ ಅದು ಒಪ್ಪಿತು. ಈಕೆಯೇ ಹೆಂಗಸರ ಉಡುಪಿಗೆ ಜೇಬು ಬೇಕೆಂದು ಹಟ ಹಿಡಿದವಳು. 1942ರ ಅವಳ ‘ಪಾಪೋವರ್’ ಉಡುಪು ದೊಡ್ಡ ಜೇಬಿನ ಸಮೇತ ಏಳು ಡಾಲರಿನೊಳಗೇ ಸಿಗುತ್ತಿತ್ತು. ನಾನು ಮೆಕಾರ್ಡೆಲ್ ಪಕ್ಷ. ಡಿಯೋರ್ ಪಕ್ಷದವರು ಪುರವಣಿ ನಡೆಸಿಕೊಂಡು ಸುಖವಾಗಿರಲಿ.

ಜೇಬಿನ ಮಾತು ಬಂದದ್ದರಿಂದ ಹಳೆಯ ಹುಣ್ಣು ಕೆರೆದುಕೊಳ್ಳದೆ ಬಿಡಲಾರೆ. ಹೆಂಗಸರ ಪ್ಯಾಂಟಿಗೆ ಜೇಬಿನ ಹೊಲಿಗೆ ಇರುತ್ತದೆ, ಜೇಬು ಇರುವುದಿಲ್ಲ. ಬೆಲ್ಟು ತೂರಿಸುವ ಕುಣಿಕೆ ಇರುತ್ತದೆ, ಗಟ್ಟಿ ಬೆಲ್ಟು ಅದರೊಳಗೆ ತೂರುವುದಿಲ್ಲ. ಕೇಳಿದರೆ ‘ಶೋಗೆ ಮೇಡಂ’ ಎನ್ನುತ್ತಾರೆ. ಫೋನು, ಮನೆ ಕೀಲಿ, ಬಸ್ಸಿನ ಚಿಲ್ಲರೆ ಎಲ್ಲವನ್ನೂ ಕೈಯಲ್ಲೇ ಹಿಡಿದು ಓಡಾಡುವ ನಮ್ಮ ಹುಡುಗಿಯರಿಗೆ ಸಣ್ಣ ಚೀಲ ಹೊಲಿದ ಸೊಂಟಪಟ್ಟಿ ಅಜ್ಜಿಯ ಸಂಚಿಯ ನೇರ ಮೊಮ್ಮಗಳು. ಅದನ್ನು ಕಟ್ಟಿಕೊಂಡರೆ ಕಂಡಕ್ಟರ್ ಥರ ಕಾಣುತ್ತೀಯ ಎಂದು ಹಾಸ್ಯ ಮಾಡುವವರಿಗೆ, ನಮ್ಮ ಬಸ್ಸುಗಳ ಮಹಿಳಾ ಕಂಡಕ್ಟರುಗಳಿಗಿಂತ ಚುರುಕಾಗಿ ಕಾಣುವ ಹೆಂಗಸರನ್ನು ನಾನಂತೂ ಕಂಡಿಲ್ಲ ಎಂದಷ್ಟೇ ಹೇಳುತ್ತೇನೆ.

ಹಾಗಂತ ಕಂಡದ್ದನ್ನೆಲ್ಲ ಕಟ್ಟಿಕೊಳ್ಳಿ ಎಂದೂ ಅನ್ನುವವನಲ್ಲ. ಮೈಸೂರು ಕ್ರೇಪಿನ ಮೇಲೆ ಚರ್ಮದ ಬೆಲ್ಟು ಜಾರುತ್ತದೆ, ಬಕಲಿನ ಮುಳ್ಳು ಜರಿಯ ಎಳೆಯನ್ನು ಎಬ್ಬಿಸುತ್ತದೆ. ಅದಕ್ಕೆ ರವಿಕೆಯ ಬಟ್ಟೆಯದೇ ಮೆತ್ತನೆಯ ಪಟ್ಟಿ ಸಾಕು. ಇಳಕಲ್ಲಿನ ಹತ್ತಿ ಒಡಲಿಗೆ, ಉಡುಪಿಯ ಕೈಮಗ್ಗಕ್ಕೆ ಚರ್ಮ ಚೆನ್ನಾಗಿ ಕಚ್ಚುತ್ತದೆ. ಆದರೆ ಇಳಕಲ್ ಸೀರೆಗೆ ಬೆಲ್ಟು ಕಟ್ಟುವವರು ಸೆರಗನ್ನು ಹಾವಿನ ಹಾಗೆ ಸಣ್ಣಗೆ ಮಡಚಿ ಬೆಲ್ಟಿನಡಿ ತುರುಕುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಒಡಲಿಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದೇ ಆ ನೇಕಾರರ ಕೈಚಳಕ. ಆ ರೇಷ್ಮೆ ಸೆರಗನ್ನು ಮುಚ್ಚಿಡುವುದಾದರೆ ಇಳಕಲ್ ಉಡುವುದೇಕೆ? ಸೆರಗನ್ನು ಅಗಲಕ್ಕೆ ಬಿಟ್ಟು ಪಟ್ಟಿಯನ್ನು ಅದರಡಿಯಲ್ಲಿ ಕಟ್ಟಿ. ಚೂಡಿದಾರದ ದುಪಟ್ಟಾ ಗಾಳಿಗೆ ಹಾರಿ ಸ್ಕೂಟರಿನ ಚಕ್ರಕ್ಕೆ ಸಿಕ್ಕುವ ಅಪಾಯಕ್ಕೂ ಒಂದು ಬೆಲ್ಟು ಸಾಕು. ಇನ್ನು ಉಸಿರಾಡಲು ಆಗದಷ್ಟು ಬಿಗಿದುಕೊಳ್ಳುವುದು ಡಿಯೋರ್ ಪಕ್ಷದ ಚಾಳಿ.

ಕೊನೆಯ ತಕರಾರು. 2025ರ ಜೂನಿನಲ್ಲಿ ಪ್ರಾಡಾ ಕಂಪನಿ ಮಿಲಾನಿನ ವೇದಿಕೆಯ ಮೇಲೆ ಕೊಲ್ಹಾಪುರಿಯಂಥ ಚಪ್ಪಲಿ ತೋರಿಸಿದಾಗ ನಮ್ಮವರೆಲ್ಲ ಕೂಗಿದ್ದೇ ಕೂಗಿದ್ದು. ಆ ಚಪ್ಪಲಿಯ ಭೌಗೋಳಿಕ ಸೂಚಿಯಲ್ಲಿ 2019ರಿಂದಲೂ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಸೇರಿವೆ ಎಂಬುದು ಆವಾಗ ಹಲವರಿಗೆ ಹೊಸ ಸುದ್ದಿ. ಕೂಗಿದವರಲ್ಲಿ ಎಷ್ಟು ಜನರ ಸೊಂಟದಲ್ಲಿ ಅಥಣಿಯದೋ ನಿಪ್ಪಾಣಿಯದೋ ಚರ್ಮವಿತ್ತು? ಚರ್ಮ ಹದಮಾಡಿ ಹೆಣೆಯಬಲ್ಲ ಆ ಕೈಗಳಿಗೆ ಸೀರೆಯ ಬೆಲ್ಟು ದೊಡ್ಡ ಕೆಲಸವಲ್ಲ. ಸಂಡೂರಿನ ಲಂಬಾಣಿ ಕಸೂತಿಯ ಹೆಣ್ಣುಮಕ್ಕಳಿಗೂ ಅಲ್ಲ. ಕನ್ನಡಿ ಚೂರು, ಕವಡೆ, ಬಣ್ಣದ ದಾರದ ಪಟ್ಟಿ ಅವರ ಉಡುಗೆಯಲ್ಲೇ ಇದೆ. ಪ್ಲಾಸ್ಟಿಕ್ಕಿನ ಹುಲಿಮುಖಕ್ಕೆ ಸುರಿಯುವ ದುಡ್ಡು ಸರ್ಕಾರದ ಲಿಡ್ಕರ್ ಚರ್ಮದ ಮಳಿಗೆಗೂ ಸಂಡೂರಿಗೂ ಹೋಗಲಿ ಎಂದರೆ ಅದಕ್ಕೂ ನಮ್ಮನ್ನು ಸಂಪ್ರದಾಯವಿರೋಧಿಗಳೆನ್ನುವರೇನೋ.



ಓದುಗರಲ್ಲಿ ಒಂದು ಕೋರಿಕೆ. ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿ ದಾಟಿದ ಮೇಲೆ ಹಳೆಯ ಡಾಬುಗಳು ಒಂದೊಂದಾಗಿ ಕರಗುತ್ತಿವೆ. ಮಾರುವುದು, ಬಿಡುವುದು ನಿಮ್ಮಿಷ್ಟ, ಮನೆಯ ಕಷ್ಟ ನಿಮಗೇ ಗೊತ್ತು. ಕುಲುಮೆಗೆ ಕೊಡುವ ಮುನ್ನ ಮುಂದಿನ ಹಿಂದಿನ ಎರಡು ಫೋಟೋ ತೆಗೆಯಿರಿ. ಎಷ್ಟು ತೂಕ, ಯಾವ ಊರಿನ ಕೆಲಸ, ಯಾರು ಕಟ್ಟಿಕೊಳ್ಳುತ್ತಿದ್ದರು ಎಂದು ನಾಲ್ಕು ಸಾಲು ಬರೆದು ನಮ್ಮ ವಿಳಾಸಕ್ಕೆ ಕಳಿಸಿ, ಅಚ್ಚು ಹಾಕುತ್ತೇವೆ. ಚಂದಾ ಬಾಕಿ ಇಟ್ಟುಕೊಂಡವರು ಅದನ್ನೂ ಜತೆಯಲ್ಲೇ ಕಳಿಸಬಹುದು.