ಹೋರಿ ಹಬ್ಬವೂ ಕಾಣದ ರಕ್ತಸ್ರಾವವೂ

ದೀಪಾವಳಿ ಕಳೆಯಿತೆಂದರೆ ಶಿಕಾರಿಪುರ, ಸೊರಬ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬದ ಸಂಭ್ರಮ. ಕೊಬ್ಬರಿ ಹಾರ ತೊಟ್ಟು ನುಗ್ಗಿಬರುವ ಹೋರಿಯನ್ನು ನೋಡಲು ನೆರೆಯುವ ಜನರೊಳಗೆ ನಾವೂ ಎಷ್ಟೋ ಸಲ ನಿಂತಿದ್ದೇವೆ. ನಮ್ಮನ್ನು ಹಬ್ಬದ ವಿರೋಧಿಗಳೆಂದು ಯಾರೂ ದೂರಲಾರರು. ಆದರೆ 2022ರ ದೀಪಾವಳಿಯಿಂದ 2023ರ ಸಂಕ್ರಾಂತಿಯವರೆಗಿನ ಅವಧಿಯಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಹೋರಿಯ ತಿವಿತದಿಂದ ಅಸುನೀಗಿದವರು ಒಬ್ಬಿಬ್ಬರಲ್ಲವೆಂಬುದನ್ನು ಮರೆಯುವಂತಿಲ್ಲ.

ತಿವಿತದ ಗಾಯವು ಬಲು ಕಪಟಿ. ಹೊರಗೆ ಎರಡಂಗುಲದ ರಂಧ್ರ; ಒಳಗೆ ಕೊಂಬು ಗೇಣುದ್ದ ಸಾಗಿ ಯಕೃತ್ತನ್ನೋ ಗುಲ್ಮವನ್ನೋ ಸೀಳಿರಬಹುದು. ಬರಿಯ ಗುದ್ದು ಬಿದ್ದಲ್ಲಿ ಒಂದು ತೊಟ್ಟು ರಕ್ತವೂ ಹೊರಗೆ ಕಾಣದು. ಪೆಟ್ಟು ತಿಂದವನು ಎದ್ದು, ಧೂಳು ಕೊಡವಿ, “ಏನೂ ಆಗಿಲ್ಲ ಬಿಡಿ” ಎನ್ನುತ್ತಾನೆ. ಜನರು ಬೆನ್ನು ತಟ್ಟುತ್ತಾರೆ. ಅರ್ಧ ಗಂಟೆಯ ಮೇಲೆ ಅವನೇ ಕುಸಿಯುತ್ತಾನೆ.

ವೈದ್ಯರು ಇದನ್ನು ಶಾಕ್ ಎನ್ನುವರು. ಈ ಮಾತಿಗೆ ವಿದ್ಯುತ್ತಿನ ಹೊಡೆತವೆಂದೋ ಮನಸ್ಸಿನ ದಿಗಿಲೆಂದೋ ಅರ್ಥಮಾಡಿಕೊಳ್ಳುವ ವಿದ್ಯಾವಂತರೂ ನಮ್ಮಲ್ಲಿದ್ದಾರೆ. ಇಲ್ಲಿ ಅದು ರಕ್ತ ಸೋರಿಹೋಗಿ ಅಂಗಾಂಗಗಳಿಗೆ ಪ್ರಾಣವಾಯು ಸಾಲದ ಸ್ಥಿತಿ. ವಯಸ್ಕನ ಮೈಯಲ್ಲಿರುವ ರಕ್ತ ಸುಮಾರು 5 ಲೀಟರು. ಗಟ್ಟಿಮುಟ್ಟಾದ ಯುವಕನಲ್ಲಿ ಒಂದು ಲೀಟರಿಗೂ ಮೀರಿ ಸೋರಿದರೂ ರಕ್ತದೊತ್ತಡ ಇಳಿಯದಿರಬಹುದು. ಹೃದಯವು ಬೇಗಬೇಗನೆ ಬಡಿದು, ಚರ್ಮದ ನಾಳಗಳು ಕುಗ್ಗಿ, ಕೊರತೆಯನ್ನು ಮುಚ್ಚಿಡುತ್ತವೆ. ಆದುದರಿಂದ ಅವನ ಮಾತನ್ನು ನಂಬದೆ ಮೈಯನ್ನು ನೋಡಬೇಕು: ವೇಗವಾದ ಕ್ಷೀಣ ನಾಡಿ, ತಣ್ಣನೆಯ ಬೆವರು, ಬಿಳಿಚಿದ ತುಟಿ, ಬಾಯಾರಿಕೆ, ಚಡಪಡಿಕೆ. ಹೀಗೆ ಚಡಪಡಿಸುವವನನ್ನು ಕುಡುಕನೆಂದು ಗದರಿಸಿದುದನ್ನು ನಾವು ಕಣ್ಣಾರೆ ಕಂಡಿದ್ದೇವೆ!

ನೀರು ಕುಡಿಸುವುದು ನಮ್ಮವರ ಮೊದಲ ಉಪಚಾರ. ಅದು ಕೂಡದು, ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗ ಅದೇ ಕಂಟಕವಾದೀತು. ಮಲಗಿಸಿ ಬೆಚ್ಚಗೆ ಹೊದಿಸಬೇಕು. ಕೈಕಾಲಿನ ಗಾಯದಿಂದ ರಕ್ತ ಹರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಕೈಬಿಡದೆ ಬಲವಾಗಿ ಒತ್ತಬೇಕು. ಅರಿಸಿನ, ಕಾಫಿಪುಡಿ ತುಂಬಬಾರದು. ಕರುಳು ಹೊರಬಂದಿದ್ದರೆ ಒಳಕ್ಕೆ ತುರುಕದೆ ಶುಚಿಯಾದ ಒದ್ದೆ ಬಟ್ಟೆಯನ್ನು ಮುಚ್ಚಬೇಕು.

ಒಳಗಿನ ಸ್ರಾವವನ್ನು ನಿಲ್ಲಿಸುವವರು ಶಸ್ತ್ರವೈದ್ಯರು. ಜಿಲ್ಲೆಯ ದೊಡ್ಡಾಸ್ಪತ್ರೆಯಿರುವ ಶಿವಮೊಗ್ಗವು ಶಿಕಾರಿಪುರಕ್ಕೆ ಸುಮಾರು 50 ಕಿಲೋಮೀಟರು. ಸೊರಬಕ್ಕೆ ಇನ್ನೂ ದೂರ. 2008ರಿಂದ 108ರ ವಾಹನವುಂಟು, ನಿಜ. ಆದರೆ ಕುಸಿದ ಮೇಲೆ ಕರೆದರೆ ಅದು ಹಳ್ಳಿಗೆ ಬಂದು ತಿರುಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆಂಬುಲೆನ್ಸು ಅಖಾಡದ ಬಳಿಯೇ ನಿಂತಿರದ ಹೊರತು ಹಬ್ಬಕ್ಕೆ ಅನುಮತಿ ಕೊಡಕೂಡದೆಂದು ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇವೆ. ಬಹುಮಾನಕ್ಕೆ ಬೈಕು, ಬಂಗಾರ ಹೊಂದಿಸುವ ಸಮಿತಿಗಳವರು, ಮುಂದಿನ ದೀಪಾವಳಿಗೆ ಮೊದಲು ಊರಿನ ಹತ್ತು ಮಂದಿ ತರುಣರನ್ನು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿ ನಾಡಿ ನೋಡುವುದನ್ನೂ ಗಾಯ ಒತ್ತುವುದನ್ನೂ ಕಲಿಸಲಿ.