ಪಾತಾರದ ಮರಳು

ಟರ್ಕಿ ದೇಶದ ನೈಋತ್ಯದಲ್ಲಿ, ಮೆಡಿಟರೇನಿಯನ್ ಸಮುದ್ರದ ಅಂಚಿನಲ್ಲಿ, ಪಾತಾರ ಎಂಬ ಕಡಲತೀರವಿದೆ. ಒಂದು ಕಡೆ ನೀಲ ಜಲರಾಶಿ, ಇನ್ನೊಂದು ಕಡೆ ಮರಳಿನ ದಿಬ್ಬಗಳು. ಹತ್ತು ಕಿಲೋಮೀಟರಿಗೂ ಮಿಕ್ಕಿ ಹಬ್ಬಿರುವ ಈ ತೀರದಲ್ಲಿ ಹೋಟೆಲುಗಳ ಸಾಲಿಲ್ಲ, ದೀಪಗಳ ಝಗಝಗಿಸುವಿಕೆಯಿಲ್ಲ. ಗೆಲೆಮಿಷ್ ಎಂಬ ಹಳ್ಳಿಯಿಂದ ಹೊರಟ ಪ್ರವಾಸಿಯು ಪುರಾತನ ನಗರವೊಂದರ ಅವಶೇಷಗಳನ್ನು ಹಾದು ಸಮುದ್ರವನ್ನು ಸೇರುತ್ತಾನೆ.

ಒಂದು ಕಾಲಕ್ಕೆ ಪಾತಾರವು ಹೆಸರುವಾಸಿಯಾದ ರೇವುಪಟ್ಟಣವಾಗಿತ್ತು. ಲಿಸಿಯಾ ನಾಡಿನ ನಗರಗಳು ಸೇರಿ ಒಂದು ಒಕ್ಕೂಟವನ್ನು ಕಟ್ಟಿಕೊಂಡಿದ್ದವು. ಅದರ ಸಭೆಯಲ್ಲಿ ದೊಡ್ಡ ನಗರಗಳಿಗೆ ಮೂರು, ಮಧ್ಯಮ ನಗರಗಳಿಗೆ ಎರಡು, ಉಳಿದವುಗಳಿಗೆ ಒಂದು ಮತವಿತ್ತೆಂದು ಪ್ರಾಚೀನ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ 1748ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ವ್ಯವಸ್ಥೆಯನ್ನು ಮಾದರಿಯೆಂದು ಹೊಗಳಿದನು. ಆ ಸಭೆ ನೆರೆಯುತ್ತಿದ್ದ ಕಲ್ಲಿನ ಭವನವನ್ನು ಇಂದಿಗೂ ಪಾತಾರದಲ್ಲಿ ಕಾಣಬಹುದು. ಕಾಲಕ್ರಮದಲ್ಲಿ ಹೂಳು ತುಂಬಿ ಬಂದರು ಮುಚ್ಚಿತು, ಹಡಗುಗಳು ಬಾರದಾದವು, ನಗರ ಪಾಳುಬಿತ್ತು. ಆದರೆ ನಗರವನ್ನು ಕವಿದ ಮರಳೇ ಅದರ ಕಟ್ಟಡಗಳನ್ನು ಶತಮಾನಗಳ ಕಾಲ ಕಾಪಾಡಿತು. ಅಲ್ಲಿ ಉತ್ಖನನ ಆರಂಭವಾದುದು 1988ರಲ್ಲಿ.

ಈ ಮರಳಿಗೆ ಇನ್ನೊಂದು ಹಿರಿಮೆಯೂ ಉಂಟು. ಬೇಸಗೆಯ ರಾತ್ರಿಗಳಲ್ಲಿ ಕಡಲಾಮೆಗಳು ದಡಕ್ಕೆ ಬಂದು ಇಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತವೆ. ಸುಮಾರು ಎರಡು ತಿಂಗಳಲ್ಲಿ ಹೊರಬರುವ ಮರಿಗಳು ಸಮುದ್ರದ ಮೇಲಿನ ಮಂದ ಬೆಳಕನ್ನು ಗುರುತಿಸಿ ನೀರಿನತ್ತ ಹರಿಯುತ್ತವೆ. ದಡದಲ್ಲಿ ವಿದ್ಯುದ್ದೀಪ ಉರಿದರೆ ಅವು ದಾರಿತಪ್ಪಿ ಸಾಯುತ್ತವೆ. ಆದುದರಿಂದಲೇ ಮೊಟ್ಟೆಯಿಡುವ ಕಾಲದಲ್ಲಿ ರಾತ್ರಿ ಈ ತೀರಕ್ಕೆ ಜನರ ಪ್ರವೇಶವನ್ನು ನಿಷೇಧಿಸಲಾಗಿದೆ.

ಇಷ್ಟು ಸುಂದರವಾದ ಸ್ಥಳದಲ್ಲಿ ವಸತಿಗೃಹಗಳನ್ನು ಕಟ್ಟಬಾರದೇಕೆ, ಹಳ್ಳಿಯವರ ಆದಾಯಕ್ಕೆ ಅಡ್ಡಿಯೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ನಿರ್ಬಂಧಗಳ ಭಾರವನ್ನು ಮೊದಲು ಹೊರುವವರು ಹಳ್ಳಿಯ ಜನರು. ಆ ಭಾರದಲ್ಲಿ ಸರಕಾರವೂ ಪ್ರವಾಸಿಯೂ ಪಾಲುಗೊಳ್ಳಬೇಕು. ಹಳ್ಳಿಯ ಸಣ್ಣ ವಸತಿಗಳಲ್ಲೇ ತಂಗುವ ಪ್ರವಾಸಿಯು ಅವರ ಜೀವನಕ್ಕೆ ನೆರವಾಗುತ್ತಾನೆ. ಆದರೆ ಕಡಲಂಚಿನಲ್ಲೇ ಕಟ್ಟಡಗಳು ಎದ್ದರೆ, ಜನರು ಯಾವುದನ್ನು ನೋಡಲು ಬರುತ್ತಾರೋ ಅದೇ ಅಳಿದುಹೋಗುತ್ತದೆ. ಬಳಿಕ ಹಳ್ಳಿಗೆ ಉಳಿಯುವ ಆದಾಯವಾದರೂ ಯಾವುದು?

ಸೌಂದರ್ಯವನ್ನು ಸವಿಯುವ ಹಕ್ಕು ಎಲ್ಲರಿಗೂ ಉಂಟು. ಅದನ್ನು ಕೆಡಿಸುವ ಹಕ್ಕು ಯಾರಿಗೂ ಇಲ್ಲ. ಹಗಲೆಲ್ಲ ಕಡಲನ್ನು ಕಂಡು ಸಂತೋಷಪಟ್ಟವನು ಸಂಜೆಯಾಗುತ್ತಲೇ ತೀರವನ್ನು ಆಮೆಗಳಿಗೆ ಬಿಟ್ಟು ಹಿಂದಿರುಗಬೇಕು. ಪಾತಾರ ಕಲಿಸುವ ಪಾಠ ಇದೇ.