ಎಳೆಯ ಬೌಲರನ ಬೆನ್ನೆಲುಬು

ಕುಕ್ಕುಂದೂರಿನ ಬಯಲಿನಲ್ಲಿ ವೇಗವಾಗಿ ಚೆಂಡೆಸೆಯುವ ಬಾಲಕನನ್ನು ಕಂಡೊಡನೆ, ಅವನನ್ನೇ ನಂಬಿ ತಂಡ ಕಟ್ಟಬೇಕೆಂಬ ಆಸೆ ಕ್ರಿಕೆಟ್ ಪ್ರಿಯರಾದ ನಮಗೆ ಮೂಡುವುದು ಸಹಜ. ಆದರೆ ಶರೀರವಿಜ್ಞಾನವು ಆ ಆಸೆಗೆ ಮಿತಿಯೊಂದನ್ನು ವಿಧಿಸುತ್ತದೆ. ವೇಗದ ಬೌಲರನ ಮುಂಗಾಲು ನೆಲವನ್ನು ಅಪ್ಪಳಿಸಿದಾಗ ದೇಹಭಾರದ ಹಲವು ಪಟ್ಟು ಬಲವು ಮೇಲೇರುತ್ತದೆ. ಅದೇ ಕ್ಷಣದಲ್ಲಿ ಸೊಂಟವು ಬಾಗಿ ತಿರುಚಿಕೊಳ್ಳುತ್ತದೆ. ಅಲ್ಲಿಯ ಕಶೇರುಗಳು ಪೂರ್ಣವಾಗಿ ಗಟ್ಟಿಯಾಗಲು ಸುಮಾರು 25 ವರ್ಷಗಳು ಬೇಕು. ಅದಕ್ಕೆ ಮುನ್ನ ಬಿಡುವಿಲ್ಲದೆ ಎಸೆಯುತ್ತಿದ್ದರೆ ಮೂಳೆಯಲ್ಲಿ ಬಿರುಕು ಮೂಡಬಹುದು. 26 ವಯಸ್ಸಿನ ಪ್ರಸಿದ್ಧ್ ಕೃಷ್ಣರನ್ನೂ 2022ರಲ್ಲಿ ಇಂತಹ ಬಿರುಕು ಸುಮಾರು ಒಂದು ವರ್ಷ ಆಟದಿಂದ ದೂರವಿರಿಸಿತು. 2015ರಲ್ಲಿ ರಣಜಿ ಟ್ರೋಫಿ ಗೆದ್ದ ಕರ್ನಾಟಕದ ವೇಗಿಗಳಲ್ಲಿ ಮಿಥುನರಿಗೆ 25. ವಿನಯ್ ಕುಮಾರ್ ಹಾಗೂ ಅರವಿಂದರು ಮೂವತ್ತು ತುಂಬಿದವರು. ಆದ್ದರಿಂದ ಎಳೆಯರನ್ನು ಆರಿಸೋಣ. ಒಬ್ಬನ ಹೊರೆಯನ್ನು ಮೂವರಿಗೆ ಹಂಚೋಣ. ವಿಕೆಟ್ಟುಗಳನ್ನು ಎಣಿಸುವ ನಾವು ಓವರುಗಳನ್ನೂ ಎಣಿಸಲು ಕಲಿಯಬೇಕು.